ಹೆಸರಿಲ್ಲದ ಹುಳಗಳು

ಊರಿಗೊಂದು ನಾಟಕ ಬಂದು ಹೋದರೆ ಅದರ ಬಗ್ಗೆ ಮಾತಾಡುವವರು ಚಹಾದಂಗಡಿಯಲ್ಲೂ ಸಿಗುತ್ತಾರೆ, ಪತ್ರಿಕೆಯಲ್ಲೂ ಸಿಗುತ್ತಾರೆ. ಸಿನಿಮಾಕ್ಕಂತೂ ಬಿಡುಗಡೆಯ ಮಾರನೆಯ ದಿನವೇ ವಿಮರ್ಶೆ ಅಚ್ಚಾಗುತ್ತದೆ. ಕಥೆ, ಕವಿತೆಗಳನ್ನು ಓದುವವರು ಎಷ್ಟೇ ಕಡಿಮೆಯಾದರೂ ವಿಮರ್ಶಿಸುವವರ ಕೊರತೆ ಕನ್ನಡದಲ್ಲಿ ಎಂದೂ ಇರಲಿಲ್ಲ. ಆದರೆ ನಮ್ಮ ಊರುಗಳ ಹುಡುಗರು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಣ್ಣು ಕೆಂಪಾಗುವಂತೆ ಕೂತು ಆಡಿದ ಕಂಪ್ಯೂಟರ್ ಆಟಗಳ ಬಗ್ಗೆ ಎರಡೇ ಬಗೆಯ ಬರಹಗಳು ನಮ್ಮ ಕಣ್ಣಿಗೆ ಬಿದ್ದಿವೆ. ಒಂದು, ಇವುಗಳಿಂದ ಮಕ್ಕಳು ಹಾಳಾಗುತ್ತಿದ್ದಾರೆ ಎಂಬ ಎಚ್ಚರಿಕೆ. ಇನ್ನೊಂದು, ಈ ಉದ್ಯಮ ಇಷ್ಟು ಸಾವಿರ ಕೋಟಿಗೆ ಬೆಳೆಯಿತು ಎಂಬ ಸುದ್ದಿ. ಆಡಿದವರಿಗೆ ಏನನ್ನಿಸಿತು, ಯಾವ ಆಟ ಚೆಂದ, ಯಾವುದು ಬರೀ ಗದ್ದಲ, ಯಾಕೆ ಎಂದು ಅವರನ್ನೇ ಕೂರಿಸಿಕೊಂಡು ಕೇಳಿದವರು ಕಡಿಮೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳಲ್ಲಿ ನಾವು ಹಾಗೆ ಕೇಳುತ್ತ ಹೋದೆವು. ಮೂರೂ ಒಂದೇ ಜಿಲ್ಲೆಯವು, ಆದರೆ ಮೂರರ ಸ್ವಭಾವ ಬೇರೆ. ಹಾವೇರಿ 1997ರಲ್ಲಿ ಜಿಲ್ಲಾ ಕೇಂದ್ರವಾದ ಮೇಲೆ ಕಚೇರಿ, ಅರ್ಜಿ, ಝೆರಾಕ್ಸುಗಳ ಊರಾಯಿತು. ರಾಣೆಬೆನ್ನೂರು ಬೀಜದ ಕಂಪನಿಗಳ, ವ್ಯಾಪಾರದ ಊರು. ಬ್ಯಾಡಗಿಯ ಮಾತಂತೂ ಹೇಳಬೇಕಾಗಿಲ್ಲ, ಬಸ್ಸು ಊರೊಳಗೆ ಬರುವ ಮೊದಲೇ ಮೆಣಸಿನಕಾಯಿ ಘಾಟು ಸೀನು ತರಿಸುತ್ತದೆ. 2004ರಿಂದ 2010ರ ವರೆಗೆ ಈ ಮೂರೂ ಊರುಗಳ ಸೈಬರ್ ಕೆಫೆಗಳಲ್ಲಿ ಗಂಟೆಗೆ ಹತ್ತೋ ಹದಿನೈದೋ ರೂಪಾಯಿ ಕೊಟ್ಟು ಕೂರುತ್ತಿದ್ದ ಹುಡುಗರು ಈಗ ಮೂವತ್ತು ದಾಟಿದ್ದಾರೆ. ಒಬ್ಬ ಗ್ಯಾರೇಜು ಇಟ್ಟಿದ್ದಾನೆ, ಒಬ್ಬ ಮೇಷ್ಟ್ರಾಗಿದ್ದಾನೆ, ಒಬ್ಬ ಮಾರುಕಟ್ಟೆಯಲ್ಲಿ ಹಮಾಲಿ ಲೆಕ್ಕ ಬರೆಯುತ್ತಾನೆ. ವೈಸ್ ಸಿಟಿ, ಐ.ಜಿ.ಐ., ರೋಡ್ ರ‍್ಯಾಶ್, ವರ್ಚುವಾ ಕಾಪ್ ಎಂದು ಎಲ್ಲರೂ ಒಂದೇ ಸಾಲಿನಲ್ಲಿ ಹೇಳಿದರು. ಆದರೆ ಅದೇ ಸಾಲಿನ ಕೊನೆಯಲ್ಲಿ ಇನ್ನೊಂದು ಹೆಸರು ಬರುತ್ತಿತ್ತು, ಬಂದ ಮೇಲೆ ಮಾತು ಅಲ್ಲಿಯೇ ನಿಲ್ಲುತ್ತಿತ್ತು. ಅದು ಏಲಿಯನ್ ಶೂಟರ್.

ಆಡದ ಓದುಗರಿಗಾಗಿ ಎರಡು ಮಾತು. ರಷ್ಯಾದ ಸೈಬೀರಿಯಾದಲ್ಲಿರುವ ನೊವೊಸಿಬಿರ್ಸ್ಕ್ ಎಂಬ ಊರಿನ ಸಿಗ್ಮಾ ಟೀಮ್ ಎಂಬ ಸಣ್ಣ ತಂಡ 2003ರಲ್ಲಿ ಹೊರತಂದ ಆಟ ಇದು. ಸೇನೆಯ ಒಂದು ದೊಡ್ಡ ಕಟ್ಟಡದ ಕಚೇರಿ, ಗೋದಾಮು, ಪ್ರಯೋಗಶಾಲೆಗಳ ತುಂಬ ಎಲ್ಲಿಂದಲೋ ಬಂದ ರಕ್ತಪಿಪಾಸು ಜೀವಿಗಳು ತುಂಬಿಕೊಂಡಿವೆ. ಒಬ್ಬ ಸೈನಿಕ ಅಥವಾ ಒಬ್ಬ ಸೈನಿಕಳನ್ನು ಆರಿಸಿಕೊಂಡು ನೀವು ಒಳಗೆ ಹೋಗಬೇಕು, ಕಟ್ಟಡವನ್ನು ಖಾಲಿ ಮಾಡಬೇಕು. ಹತ್ತು ಹಂತಗಳು. ಮನೆಯ ಮಾಡಿನ ಹೆಂಚು ಸರಿಸಿ ಒಳಗೆ ಇಣುಕಿದರೆ ಹೇಗೆ ಕಾಣುತ್ತದೋ ಹಾಗೆ, ಎಲ್ಲವನ್ನೂ ಮೇಲಿನಿಂದ, ತುಸು ಓರೆಯಾಗಿ ನೋಡುತ್ತೀರಿ. ಒಂದೊಂದು ಹಂತದಲ್ಲಿ ಸುಮಾರು ಸಾವಿರ ಜೀವಿಗಳು, ಒಮ್ಮೆಗೇ ಪರದೆಯ ಮೇಲೆ ನೂರರ ವರೆಗೆ ನುಗ್ಗುತ್ತವೆ. ನಡುನಡುವೆ ಸಿಕ್ಕ ಹಣದಿಂದ ಹಂತಗಳ ನಡುವಿನ ಅಂಗಡಿಯಲ್ಲಿ ಹೊಸ ಬಂದೂಕು ಕೊಳ್ಳಬಹುದು, ಮೈಗೆ ಯಂತ್ರದ ತುಣುಕು ಜೋಡಿಸಿಕೊಂಡು ಓಟ, ಗುರಿ, ಶಕ್ತಿ ಹೆಚ್ಚಿಸಿಕೊಳ್ಳಬಹುದು. ಅಷ್ಟೇ ಆಟ.

ಹಾಗೆ ನೋಡಿದರೆ ಇದರಲ್ಲಿ ಹೊಸದೇನೂ ಇಲ್ಲ. ಮೇಲಿನಿಂದ ನೋಡುತ್ತ ಗುಂಪುಗಳನ್ನು ಹೊಡೆಯುವ ಆಟ 1985ರ ಗಾಂಟ್ಲೆಟ್‌ನಲ್ಲಿಯೇ ಇತ್ತು. ಅದಕ್ಕೆ ಅಂತರಿಕ್ಷದ ಜೀವಿಗಳನ್ನು ತಂದು ಕೂಡಿಸಿದ್ದು 1991ರ ಏಲಿಯನ್ ಬ್ರೀಡ್. ನಮ್ಮ ಊರುಗಳಿಗೆ ಅವು ಬರಲಿಲ್ಲ, ಇದು ಬಂತು. ಬರಲು ಕಾರಣ ಕಲೆಯಲ್ಲ, ಗಾತ್ರ. ಜೀವಿಗಳನ್ನು ಆಟದ ಹೊತ್ತಿನಲ್ಲಿ ಲೆಕ್ಕ ಹಾಕಿ ಕಟ್ಟುವ ಬದಲು ಮೊದಲೇ ಬರೆದಿಟ್ಟ ಚಪ್ಪಟೆ ಚಿತ್ರಗಳನ್ನು ಒಂದರ ಮೇಲೊಂದು ಓಡಿಸುವ ಹಳೆಯ ವಿಧಾನ ಇದರದು. ಹಾಗಾಗಿ ಗ್ರಾಫಿಕ್ಸ್ ಕಾರ್ಡೇ ಇಲ್ಲದ, ನಾಲ್ಕನೇ ಕೈಗೆ ಬಂದ ಕಂಪ್ಯೂಟರಿನಲ್ಲೂ ನೂರು ಜೀವಿಗಳು ತಡವರಿಸದೆ ಓಡಾಡಿದವು. ದೊಡ್ಡ ಆಟಗಳು ಕಂತು ಕಂತಾಗಿ ನಿಂತು ನಿಂತು ನಡೆಯುತ್ತಿದ್ದ ಯಂತ್ರದಲ್ಲಿ ಈ ಬಡ ಆಟ ನೀರಿನಂತೆ ಹರಿಯುತ್ತಿತ್ತು. ನಕಲಿ ಸಿ.ಡಿ.ಯಿಂದ ಒಂದು ಅಂಗಡಿಗೆ ಬಂದದ್ದು ಪೆನ್‌ಡ್ರೈವಿನಲ್ಲಿ ಇನ್ನೊಂದಕ್ಕೆ ಹೋಯಿತು.

ಇನ್ನು ಅಭಿಪ್ರಾಯಗಳು. ಮೊದಲು ನಮ್ಮನ್ನು ತಡೆದು ನಿಲ್ಲಿಸಿದ್ದು, ಭಯದ ಆಟ ಎಂದು ಮಾರಾಟವಾದ ಇದರ ಬಗ್ಗೆ ಅಂಗಡಿಯಲ್ಲಿ ಆಡಿದ ಒಬ್ಬನೂ ಭಯದ ಮಾತು ಎತ್ತಲಿಲ್ಲ ಎಂಬುದು. ಬ್ಯಾಡಗಿಯ ಒಬ್ಬರು ಹೇಳಿದ ಮಾತನ್ನು ಇದ್ದ ಹಾಗೇ ಬರೆಯುತ್ತೇವೆ. "ಅಂಜಿಕಿ ಎಲ್ಲೀದು ಸರ್? ಇದು ಹಮಾಲಿ ಇದ್ದಂಗ. ಲಾರಿ ಬರ್ತೈತಿ, ಚೀಲ ಇಳಸ್ತೀವಿ. ಮತ್ತ ಬರ್ತೈತಿ, ಮತ್ತ ಇಳಸ್ತೀವಿ. ಹುಳಾನೂ ಹಂಗ, ಬರ್ತಾವು, ಹೊಡೀತೀವಿ. ಕೈ ಸೋತಾಗ ಸಾಯ್ತೀವಿ." ಹಂಗಾಮಿನಲ್ಲಿ ಒಂದೇ ದಿನ ಲಕ್ಷ ಮೀರಿ ಚೀಲ ಬಂದು ಬೀಳುವ ಮಾರುಕಟ್ಟೆಯಲ್ಲಿ ಬೆಳೆದವನ ಮಾತಿದು. ಸಂಖ್ಯೆ ಎಂದರೆ ಏನೆಂದು ಆತನಿಗೆ ಯಾರೂ ಕಲಿಸಬೇಕಾಗಿಲ್ಲ.

ಈ ಮಾತಿನಲ್ಲಿ ಒಳ್ಳೆಯ ವಿಮರ್ಶೆ ಇದೆ ಎಂದು ನಾವು ನಂಬುತ್ತೇವೆ. ರಿಡ್ಲಿ ಸ್ಕಾಟ್ 1979ರಲ್ಲಿ ಏಲಿಯನ್ ಎಂಬ ಸಿನಿಮಾ ತೆಗೆದಾಗ ಹಡಗಿನೊಳಗೆ ನುಗ್ಗಿದ ಜೀವಿ ಒಂದೇ ಒಂದು. ಅದು ಬಹುಪಾಲು ಕಾಣುವುದೂ ಇಲ್ಲ, ನೋಡುವವರ ಪ್ರಾಣ ಬಾಯಿಗೆ ಬರುತ್ತದೆ. 1986ರಲ್ಲಿ ಜೇಮ್ಸ್ ಕ್ಯಾಮೆರಾನ್ ಅದರ ಮುಂದಿನ ಭಾಗ ತೆಗೆದಾಗ ಜೀವಿಗಳು ಹಿಂಡುಹಿಂಡಾದವು, ಕೈಗೆ ಬಂದೂಕು ಬಂತು, ಭಯದ ಸಿನಿಮಾ ಯುದ್ಧದ ಸಿನಿಮಾ ಆಯಿತು. ಒಂದು ಇದ್ದಾಗ ದೆವ್ವ, ಸಾವಿರ ಆದಾಗ ಕೆಲಸ. ಆ ಸಾವಿರದ ದಾರಿ ಹಿಡಿದ ಆಟ ಭಯಕ್ಕೆ ಬೇಕಾದ ಪರಿಕರಗಳನ್ನೆಲ್ಲ ತಂದಿಟ್ಟಿದೆ. ಕತ್ತಲೆಯ ಓಣಿಗಳಿವೆ, ರಕ್ತವಂತೂ ಬೇಕಾದಷ್ಟಿದೆ. ಆದರೆ ಸಂಖ್ಯೆಯೇ ಭಯವನ್ನು ತಿಂದು ಹಾಕಿದೆ.

ರಾಣೆಬೆನ್ನೂರಿನ ಮೇಷ್ಟ್ರ ದೂರು ಇನ್ನೊಂದು ಬಗೆಯದು. ಕೈಯಲ್ಲಿ ಬರೀ ಪಿಸ್ತೂಲು ಇರುವ ಮೊದಲ ಒಂದೆರಡು ಹಂತಗಳೇ ನಿಜವಾದ ಆಟ ಎಂದರು ಅವರು. ಆಗ ಪ್ರತಿ ಮೂಲೆಯೂ ಲೆಕ್ಕಕ್ಕಿದೆ, ಬೆನ್ನಿಗೆ ಗೋಡೆ ಹುಡುಕಬೇಕು, ಹಿಂದೆ ಹಿಂದೆ ಸರಿಯುತ್ತ ಹೊಡೆಯಬೇಕು. ಆಮೇಲೆ ಅಂಗಡಿಯಲ್ಲಿ ದೊಡ್ಡ ಬಂದೂಕು ಸಿಕ್ಕಿತು ಅನ್ನಿ, ಬಾಗಿಲಲ್ಲಿ ನಿಂತು ಗುಂಡಿ ಒತ್ತಿ ಹಿಡಿದರೆ ಮುಗಿಯಿತು. "ರೊಕ್ಕ ಬಂದ ಮ್ಯಾಲೆ ಬುದ್ಧಿ ಬೇಕಾಗಂಗಿಲ್ರಿ" ಎಂದು ನಕ್ಕರು. ಗ್ಯಾರೇಜಿನವನು ಇದನ್ನು ಒಪ್ಪಲೇ ಇಲ್ಲ. ದಿನಕ್ಕೆ ಹತ್ತು ರೂಪಾಯಿ ಕೈಯಲ್ಲಿರುತ್ತಿದ್ದ ಹುಡುಗನಿಗೆ ಪರದೆಯ ಮೇಲಾದರೂ ಅಂಗಡಿಗೆ ಹೋಗಿ ಇದ್ದುದರಲ್ಲಿ ದೊಡ್ಡದನ್ನೇ ಕೊಡು ಎನ್ನುವ ಸುಖ ಬೇರೆಲ್ಲಿ ಸಿಗುತ್ತಿತ್ತು ಎಂಬುದು ಅವನ ವಾದ. ಕೊನೆಯ ಹಂತಗಳಲ್ಲಿ ಎಷ್ಟು ದೊಡ್ಡ ಬಂದೂಕಿದ್ದರೂ ಸಾಲುವುದಿಲ್ಲ, ಮೇಷ್ಟ್ರು ಅಲ್ಲಿಯ ವರೆಗೆ ಆಡಿಯೇ ಇಲ್ಲ ಎಂದು ಆರೋಪವನ್ನೂ ಹೊರಿಸಿದ. ನಾವು ಮೇಷ್ಟ್ರ ಕಡೆಗೇ ವಾಲುತ್ತೇವೆ, ಆದರೂ ಗ್ಯಾರೇಜಿನವನ ಮಾತನ್ನು ತೆಗೆದು ಹಾಕಲಾಗದು. ಆಟದ ರುಚಿ ಜೇಬಿನ ಮೇಲೂ ನಿಂತಿರುತ್ತದೆ.

ಸತ್ತ ಜೀವಿಗಳ ಹೆಣಗಳು ಈ ಆಟದಲ್ಲಿ ಮಾಯವಾಗುವುದಿಲ್ಲ. ಅಂದಿನ ಎಷ್ಟೋ ಆಟಗಳಲ್ಲಿ ಯಂತ್ರದ ನೆನಪು ಉಳಿಸಲೆಂದು ಹೆಣಗಳು ಕೆಲವೇ ಕ್ಷಣಗಳಲ್ಲಿ ಕರಗಿ ಹೋಗುತ್ತಿದ್ದವು. ಇಲ್ಲಿ ಬಿದ್ದಲ್ಲೇ ಇರುತ್ತವೆ, ಅದನ್ನೇ ತಯಾರಕರು ಹೆಮ್ಮೆಯಿಂದ ಹೇಳಿಕೊಂಡಿದ್ದರು. ನೆಲ ಕಾಣದಂತೆ ಹಾಸಿದ ಹೆಣಗಳನ್ನು ನೋಡಿ ಏನನ್ನಿಸುತ್ತಿತ್ತು ಎಂದು ಕೇಳಿದರೆ, ಮೂವರು ಬೇರೆ ಬೇರೆ ಊರಿನವರು ಒಂದೇ ಉತ್ತರ ಕೊಟ್ಟರು. ಹೆಣ ಬಿದ್ದಿದ್ದರೆ ಆ ಕಡೆ ಹೋಗಿ ಬಂದಾಗಿದೆ ಎಂದರ್ಥ, ಸ್ವಚ್ಛ ನೆಲ ಕಂಡರೆ ಇನ್ನೂ ಹೋಗಬೇಕು. ಹೆಣಗಳೇ ನಕ್ಷೆ. ಇದನ್ನು ಕೇಳಿ ನಮಗೆ ಒಂದು ಗಳಿಗೆ ಮೈ ಜುಮ್ಮೆಂದಿತು. ಆದರೆ ಹೇಳಿದವರು ಕ್ರೂರಿಗಳಲ್ಲ, ಮೂವರಲ್ಲೊಬ್ಬ ಕುರ್ಬಾನಿಯ ದಿನ ಮನೆಯ ಹಿಂದೆ ಅಡಗಿ ಕೂರುತ್ತಿದ್ದ ಹುಡುಗ. ಆಟಗಾರನ ಕಣ್ಣು ಹೆಣವನ್ನು ಹೆಣವೆಂದು ನೋಡುವುದಿಲ್ಲ, ಗುರುತೆಂದು ನೋಡುತ್ತದೆ. ಹಿಂಸೆಯ ಆಟ ಆಡಿದವರು ಹಿಂಸಾಪರರಾಗುತ್ತಾರೆ ಎಂದು ಮೇಷ್ಟ್ರುಗಳೂ ಮೌಲ್ವಿಗಳೂ ಒಂದೇ ದನಿಯಲ್ಲಿ ಹೇಳುವಾಗ ಈ ವ್ಯತ್ಯಾಸ ಅವರಿಗೆ ತಿಳಿದಂತಿಲ್ಲ. ಆ ವಾದ ಸಾಕಷ್ಟು ಸವೆದಿದೆ, ಇಲ್ಲಿಗೆ ಬಿಡೋಣ.

ಭಯದ ವಿಷಯದಲ್ಲಿ ಬೇರೆಯೇ ಅಭಿಪ್ರಾಯ ಸಿಕ್ಕಿದ್ದು ಒಬ್ಬ ಹೆಣ್ಣುಮಗಳಿಂದ. ಸೈಬರ್ ಕೆಫೆಗಳಿಗೆ ಅಂದು ಹುಡುಗಿಯರು ಪರೀಕ್ಷೆಯ ಫಲಿತಾಂಶ ನೋಡಲು ಬಂದರೆ ಹೆಚ್ಚು, ಆಡಲು ಯಾರು ಬಿಟ್ಟಾರು? ರಾಣೆಬೆನ್ನೂರಿನ ಈಕೆ ಅಣ್ಣನ ಕಂಪ್ಯೂಟರಿನಲ್ಲಿ, ಅಣ್ಣ ಕಾಲೇಜಿಗೆ ಹೋದ ಮೇಲೆ, ಸ್ಪೀಕರು ಹಚ್ಚಿಕೊಂಡು ಆಡಿದವರು. "ನಂಗ ಅಗದೀ ಅಂಜಿಕಿ ಬರ್ತಿತ್ತು. ಕಾಣೂಕಿಂತ ಮೊದಲ ಕೇಳಸ್ತಿತ್ತಲ್ಲ" ಎಂದರು. ಆಗ ನಮಗೆ ಹೊಳೆಯಿತು. ಅಂಗಡಿಗಳಲ್ಲಿ ಮಾಲೀಕ ಸ್ಪೀಕರು ತೆಗೆದಿಡುತ್ತಿದ್ದ, ಹೆಡ್‌ಫೋನು ಇದ್ದರೆ ಒಂದು ಕಿವಿಯದು ಸತ್ತಿರುತ್ತಿತ್ತು. ಪಕ್ಕದಲ್ಲಿ ಕೂತವನು ಅರ್ಜಿ ತುಂಬುತ್ತಿರುತ್ತಾನೆ, ಹಿಂದೆ ಸರದಿ ಕಾಯುವವನು ಆ ಕಡೆ ಹೊಡಿ, ಈ ಕಡೆ ಹೊಡಿ ಎಂದು ಕೂಗುತ್ತಿರುತ್ತಾನೆ. ದಿಗಿಲೆಂಬುದು ಕಣ್ಣಿಗಿಂತ ಕಿವಿಯಿಂದ ಒಳಗೆ ಬರುವಂಥದ್ದು. ಕಿವಿಯನ್ನೇ ಮುಚ್ಚಿದ ಮೇಲೆ ಹಮಾಲಿಯಲ್ಲದೆ ಇನ್ನೇನು ಉಳಿದೀತು? ಅಂಗಡಿಯಲ್ಲಿ ನಿಜವಾಗಿ ಎದೆ ಝಲ್ಲೆನ್ನುತ್ತಿದ್ದದ್ದು ಕರೆಂಟು ಹೋದಾಗ, ಅದೂ ಕತ್ತಲೆಗಲ್ಲ, ಆಡಿದ್ದನ್ನು ಉಳಿಸಿಡದೆ ಇದ್ದದ್ದಕ್ಕೆ ಎಂದು ಹಾವೇರಿಯವರು ಹೇಳಿದರು.

ಆ ಹೆಣ್ಣುಮಗಳೇ ಇನ್ನೊಂದು ಮಾತು ಕೇಳಿದರು. "ಅಷ್ಟು ದೊಡ್ಡ ಆಫೀಸು. ಅಲ್ಲಿ ಕೆಲಸ ಮಾಡೋ ಮಂದಿ ಎಲ್ಲಿ ಹೋದ್ರು ಅಂತ ನಾ ಭಾಳ ದಿನ ಯೋಚನಿ ಮಾಡ್ದೆ." ಇದೇ ಪ್ರಶ್ನೆಯನ್ನು ನಾವು ಉಳಿದವರಿಗೆ ದಾಟಿಸಿದೆವು. ಯಾರಿಗೂ ಗೊತ್ತಿಲ್ಲ. ಆ ಜೀವಿಗಳು ಯಾಕೆ ಬಂದವು, ಕಟ್ಟಡ ಯಾವುದು, ಒಳಗೆ ಮೊದಲು ಏನು ನಡೆಯುತ್ತಿತ್ತು ಎಂಬುದೂ ಗೊತ್ತಿಲ್ಲ. ಕಾರಣ ಸರಳ. ಆರಂಭದಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರುತ್ತಿತ್ತು, ಇವರು ಎಂಟರ್ ಒತ್ತುತ್ತಿದ್ದರು. ಕನ್ನಡ ಶಾಲೆ, ಉರ್ದು ಶಾಲೆಗಳ ಮಕ್ಕಳಿಗೆ ಆ ಕಾಲದ ಆಟಗಳೆಲ್ಲ ಮೂಕಿ ಚಿತ್ರಗಳೇ ಆಗಿದ್ದವು. ಮಾತು ತಿಳಿಯದು, ಸದ್ದು ಕೇಳದು, ಉಳಿದದ್ದು ಚಲನೆ ಮಾತ್ರ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ರೂಪನಿಷ್ಠ ವಿಮರ್ಶೆ ಎಂದು ಪಾಠ ಮಾಡುವುದನ್ನು ಈ ಹುಡುಗರು ಬಡತನದಿಂದಲೇ ಕಲಿತಿದ್ದರು. ಅದಕ್ಕೇ ಲಯದ ಬಗ್ಗೆ, ಗೋಡೆ ಮೂಲೆಗಳ ಬಗ್ಗೆ, ಎಷ್ಟು ಹೊತ್ತಿಗೆ ಎಷ್ಟು ಹುಳ ಬಿಡಬೇಕಿತ್ತು ಎಂಬುದರ ಬಗ್ಗೆ ಇವರ ಮಾತು ಅಷ್ಟು ಚೂಪಾಗಿದೆ. ಮೂರ್ನಾಲ್ಕು ವರ್ಷಗಳ ಮೇಲೆ ಎರಡನೇ ಭಾಗ ಬಂದಾಗ ಹೆಚ್ಚಿನವರು ಅದನ್ನು ಇಷ್ಟಪಡಲಿಲ್ಲ. ಅದರಲ್ಲಿ ಮಾತು ಜಾಸ್ತಿ, ಓದುವುದು ಜಾಸ್ತಿ ಎಂಬುದೇ ದೂರು. ಗಾಡಿ ಓಡಿಸುತ್ತ ಹುಳಗಳ ಮೇಲೆ ಹಾಯಿಸುವ ಜಾಗವೊಂದನ್ನು ಮಾತ್ರ ಕ್ಷಮಿಸಿದ್ದಾರೆ.

ಕತೆ ಬರೆಯುವ ನಮಗೆ ಮಾತ್ರ ಆ ಹೆಣ್ಣುಮಗಳ ಪ್ರಶ್ನೆಯಿಂದ ಬಿಡಿಸಿಕೊಳ್ಳಲಾಗಲಿಲ್ಲ. ನಮ್ಮ ಸೀಮೆಯ ದೊಡ್ಡಾಟವನ್ನು ನೋಡಿದವರಿಗೆ ಗೊತ್ತು, ಅಲ್ಲಿ ರಾಕ್ಷಸ ಬಂದ ಕೂಡಲೇ ಕತ್ತಿ ಎತ್ತುವಂತಿಲ್ಲ. ಸಾರಥಿ ಅಡ್ಡ ನಿಂತು ಯಾರು, ಎಲ್ಲಿಯವರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಆ ಬಣ್ಣ, ಆ ಕಿರೀಟ, ಆ ಕುಣಿತದ ರಾಕ್ಷಸ ತನ್ನ ಹೆಸರು, ಊರು, ಪರಾಕ್ರಮ ಎಲ್ಲವನ್ನೂ ಸಾವಧಾನವಾಗಿ ಹೇಳಿಕೊಳ್ಳುತ್ತಾನೆ. ಬೆಳಗಿನ ಜಾವಕ್ಕೆ ಅವನು ಸಾಯುವುದು ಎಲ್ಲರಿಗೂ ಗೊತ್ತು, ಆದರೂ ಹೆಸರು ಹೇಳಿಯೇ ಸಾಯುತ್ತಾನೆ. ನಾವು ಉರ್ದು ಶಾಲೆಯಲ್ಲಿದ್ದಾಗ ಮಕ್ಕಳಿಗೆಂದು ಚಿಕ್ಕದಾಗಿಸಿದ ಅಮೀರ್ ಹಂಝಾನ ದಾಸ್ತಾನಿನ ಪುಸ್ತಕಗಳು ಕೈಯಿಂದ ಕೈಗೆ ಓಡಾಡುತ್ತಿದ್ದವು. ಅದರದೇ ಬೃಹತ್ ಭಾಗವಾದ ತಿಲಿಸ್ಮೆ ಹೋಶ್‌ರುಬಾ ಲಖನೌದ ನವಲ್ ಕಿಶೋರ್ ಮುದ್ರಣಾಲಯದಿಂದ 1883ರಿಂದ ಸಂಪುಟ ಸಂಪುಟವಾಗಿ ಬಂತು. ಅಲ್ಲಿಯೂ ಮಾಯೆಯ ಕೋಟೆ, ದಾರಿ ತಪ್ಪಿಸುವ ಓಣಿ, ಲೆಕ್ಕವಿಲ್ಲದಷ್ಟು ಮಾಂತ್ರಿಕರು. ಆದರೆ ಮಾಯೆಯ ದೊರೆಗೆ ಅಫ್ರಾಸಿಯಾಬ್ ಎಂಬ ಹೆಸರಿದೆ, ಹೈರತ್ ಎಂಬ ರಾಣಿ ಇದ್ದಾಳೆ, ದರಬಾರು ಇದೆ, ಒಳಗೊಳಗೇ ಜಗಳಗಳಿವೆ. ಅಮರ್ ಅಯ್ಯಾರನ ಝಂಬೀಲ್ ಎಂಬ ಚೀಲದಲ್ಲಿ ಇಡೀ ಲೋಕವೇ ಹಿಡಿಸುತ್ತದೆ, ನಮ್ಮ ಆಟದ ಸೈನಿಕನ ಬಂದೂಕುಗಳ ರಾಶಿ ಅದರ ಮುಂದೆ ಏನೂ ಅಲ್ಲ. ಆದರೂ ಅಮರ್ ಗೆಲ್ಲುವುದು ಹೆಚ್ಚಾಗಿ ವೇಷದಿಂದ, ಮಾತಿನಿಂದ. ಶತ್ರುವಿನ ಹೆಸರು, ರುಚಿ, ದೌರ್ಬಲ್ಯ ತಿಳಿಯದೆ ವೇಷ ಹಾಕುವುದು ಹೇಗೆ?

ಏಲಿಯನ್ ಶೂಟರಿನ ಸಾವಿರಾರು ಜೀವಿಗಳಲ್ಲಿ ಒಂದಕ್ಕೂ ಹೆಸರಿಲ್ಲ. ನಮ್ಮ ಹುಡುಗರು ಎಲ್ಲವನ್ನೂ ಸೇರಿಸಿ ಹುಳ ಎಂದು ಕರೆದರು. ಮೇಲಿನಿಂದ ನೋಡುವ ಕಣ್ಣಿಗೆ ಅವು ಹಾಗೆಯೇ ಕಾಣುತ್ತವೆ. ಮುಖ ಕಾಣುವುದಿಲ್ಲ, ನೆತ್ತಿ ಕಾಣುತ್ತದೆ, ನೆತ್ತಿಗೆ ಭಾವನೆ ಇರುವುದಿಲ್ಲ. ಆಟ ಬಂದ 2003ರಲ್ಲಿಯೇ ಇರಾಕಿನ ಮೇಲೆ ದಾಳಿ ನಡೆಯಿತು. ಆಮೇಲಿನ ವರ್ಷಗಳಲ್ಲಿ ವಿಮಾನದಿಂದ ತೆಗೆದ ಬೂದುಬಣ್ಣದ ಚಿತ್ರಗಳಲ್ಲಿ ಬಿಳಿಯ ಚುಕ್ಕೆಗಳು ಓಡಿ ಬಿದ್ದು ನಿಲ್ಲುವುದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದ್ದೇವೆ. 2007ರ ಕಾಲ್ ಆಫ್ ಡ್ಯೂಟಿಯಲ್ಲಿ ವಿಮಾನದಲ್ಲಿ ಕೂತು ಕೆಳಗಿನ ಅಂಥ ಚುಕ್ಕೆಗಳನ್ನು ಹೊಡೆಯುವ ಒಂದು ಇಡೀ ಹಂತವೇ ಇದೆ. ಸೈಬೀರಿಯಾದ ಆ ಸಣ್ಣ ತಂಡದ ತಲೆಯಲ್ಲಿ ಇದೆಲ್ಲ ಇತ್ತು ಎಂದು ನಾವು ಹೇಳುತ್ತಿಲ್ಲ, ಹಾಗೆ ಹೇಳುವುದು ಅನ್ಯಾಯ. ಮನುಷ್ಯರನ್ನು ಹುಳ ಎಂದು ಕರೆಯುವ ಕೆಲಸಕ್ಕೆ ಆಟಗಳು ಬೇಕಾಗಿಯೇ ಇಲ್ಲ. 1994ರಲ್ಲಿ ರುವಾಂಡದ ರೇಡಿಯೊ ತನ್ನದೇ ನೆಲದ ತುತ್ಸಿ ಜನರನ್ನು ಜಿರಳೆ ಎಂದು ದಿನವೂ ಕರೆಯಿತು, ಆಮೇಲೆ ನಡೆದದ್ದು ಲೋಕಕ್ಕೆ ಗೊತ್ತು. 2018ರಲ್ಲಿ ನಮ್ಮ ದೇಶದ ಚುನಾವಣಾ ವೇದಿಕೆಯಿಂದಲೇ ಗೆದ್ದಲು ಎಂಬ ಮಾತು ಕೇಳಿದೆವು. ಹಾಗಾಗಿ ಹೆಸರಿಲ್ಲದ ಶತ್ರುವಿನ ಆಟ ಕಂಡಾಗ ನಮಗೆ ಕಸಿವಿಸಿಯಾಗುವುದು ಸಹಜ. ಕತೆಯಾಗಿ ನೋಡಿದರೆ ಇದು ಆಟದ ದೊಡ್ಡ ಬಡತನ ಎಂದೇ ನಮ್ಮ ತೀರ್ಮಾನ. ಕಾರಣ ಕೇಳದೆ ಖಾಲಿ ಮಾಡುವ ಕೆಲಸ, ಹತ್ತು ಹಂತವಾದರೂ, ನೂರು ಹಂತವಾದರೂ, ಕತೆ ಆಗುವುದಿಲ್ಲ.

ಈ ತೀರ್ಮಾನವನ್ನು ನಾವು ಹಾವೇರಿಯ ಒಬ್ಬರ ಮುಂದೆ ಇಟ್ಟೆವು. ನಮ್ಮವರೇ, ಈಗ ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತಾರೆ. ಅವರು ಒಪ್ಪಲಿಲ್ಲ. ಒಪ್ಪದೆ ಇದ್ದುದಕ್ಕೆ ಕೊಟ್ಟ ಕಾರಣ ನಾವು ಊಹಿಸಿದ್ದೇ ಅಲ್ಲ.

ಅವರು ಹೋಗುತ್ತಿದ್ದ ಅಂಗಡಿಯಲ್ಲಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ ಕೌಂಟರ್ ಸ್ಟ್ರೈಕ್ ಆಡಿಸುತ್ತಿದ್ದರು. ಆ ಆಟದಲ್ಲಿ ಎರಡು ಪಕ್ಷ. ಒಂದು ಭಯೋತ್ಪಾದಕರದು, ಇನ್ನೊಂದು ಅವರನ್ನು ಹಿಡಿಯುವವರದು. ಹೆಸರುವಾಸಿಯಾದ ರಣಾಂಗಣವೊಂದು ಮರಳುಗಾಡಿನ ಊರು, ಕಮಾನಿನ ಬಾಗಿಲು, ಮಣ್ಣು ಬಣ್ಣದ ಗೋಡೆ. ಪಕ್ಷ ಹಂಚುವಾಗ ಗೆಳೆಯರು ಪ್ರತಿಸಲ ಇವರನ್ನು ಒಂದೇ ಕಡೆಗೆ ಕಳಿಸುತ್ತಿದ್ದರು. "ನೀ ಆ ಕಡೀಗೆ ಹೋಗಲೇ, ನಿಮ್ಮ ಮಂದಿ ಅಲ್ಲೇ ಅದಾರ." ಎಲ್ಲರೂ ನಗುತ್ತಿದ್ದರು, ಇವರೂ ನಗುತ್ತಿದ್ದರು. ಅವರು ಕೆಟ್ಟ ಹುಡುಗರಲ್ಲ, ಹಬ್ಬಕ್ಕೆ ಮನೆಗೆ ಬಂದು ಶೀರ್‌ಖುರ್ಮಾ ಕುಡಿದು ಹೋಗುತ್ತಿದ್ದವರೇ. ಜಗಳ ಆಡುವಂಥ ಮಾತೂ ಅದಾಗಿರಲಿಲ್ಲ. ಆದರೆ ಕೆಲವು ತಿಂಗಳ ಮೇಲೆ ಇವರು ಜೋಡಿಸಿದ ಯಂತ್ರಗಳನ್ನು ಬಿಟ್ಟು ಮೂಲೆಯ ಹಳೆಯ ಯಂತ್ರಕ್ಕೆ ಹೋಗಿ ಕೂರತೊಡಗಿದರು. ಅದರಲ್ಲಿದ್ದದ್ದು ಏಲಿಯನ್ ಶೂಟರ್.

"ಅದರಾಗ ಟೀಮ್ ಇಲ್ಲ ಭಾಯ್" ಎಂದರು. "ಹುಳ ಅಂದ್ರ ಹುಳ. ಅದಕ್ಕ ಹೆಸರಿಲ್ಲ ಅಂತ ನೀವು ಬೇಜಾರ ಮಾಡ್ಕೋತೀರಿ. ನನಗ ಅದೇ ಆರಾಮ ಆಗಿತ್ತು. ಹೆಸರಿದ್ದ ಆಟದಾಗೆಲ್ಲ ಹೊಡಿಸ್ಕೊಳ್ಳಾವನ ಹೆಸರು ನಂದ ಆಗಿರ್ತಿತ್ತು."

ನಾವು ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ದೊಡ್ಡಾಟದ ರಾಕ್ಷಸನಂತೆ ಶತ್ರುವಿಗೂ ಹೆಸರು ಬೇಕು ಎನ್ನುವುದು ಕತೆಗಾರನ ನ್ಯಾಯ. ಹೆಸರಿರುವ ಶತ್ರುಗಳ ಪಟ್ಟಿಯಲ್ಲಿ ತನ್ನ ಅಪ್ಪನ, ಅಜ್ಜನ ಹೆಸರುಗಳೇ ಮತ್ತೆ ಮತ್ತೆ ಬರುವುದನ್ನು ಕಂಡ ಹುಡುಗನಿಗೆ ಬೇಕಾದದ್ದು ಬೇರೆ ನ್ಯಾಯ. ಸಿನಿಮಾಗಳಲ್ಲಿ ಆದದ್ದೇ ಆಟಗಳಲ್ಲೂ ಆಯಿತು. ಆ ಕಾಲದ ಯುದ್ಧದ ಆಟಗಳಲ್ಲಿ ಅರಬರ ಊರು ಎಷ್ಟು ಸಲ ಬಂತು, ಆ ಊರಲ್ಲಿ ತರಕಾರಿ ಕೊಳ್ಳುವ, ಮಗುವನ್ನು ಶಾಲೆಗೆ ಕಳಿಸುವ ಒಬ್ಬ ಮನುಷ್ಯ ಎಷ್ಟು ಸಲ ಬಂದ ಎಂದು ಕೂತು ಲೆಕ್ಕ ಹಾಕಿದರೆ ಸಾಕು. ಹಾಗೆಂದು ಏಲಿಯನ್ ಶೂಟರಿನ ಬಗ್ಗೆ ನಮ್ಮ ತೀರ್ಮಾನ ಬದಲಾಗಿಲ್ಲ. ಕತೆ ಅದರಲ್ಲಿ ಇಲ್ಲವೇ ಇಲ್ಲ. ಆದರೆ ಅದರ ಬಗ್ಗೆ ಬರೆಯುವ ಯಾವ ವಿಮರ್ಶೆಯೂ ಈ ಮೂಲೆಯ ಯಂತ್ರವನ್ನು ಬಿಟ್ಟು ಪೂರ್ತಿಯಾಗದು. ಒಂದು ಕೃತಿಯ ಖಾಲಿ ಜಾಗ ಒಬ್ಬನಿಗೆ ಕೊರತೆಯಾಗಿ ಕಂಡರೆ ಇನ್ನೊಬ್ಬನಿಗೆ ಕಾಲು ಚಾಚಲು ಸಿಕ್ಕ ಜಾಗ.

ಆಟದಲ್ಲಿ ಹತ್ತು ಹಂತಗಳ ಹೊರತಾಗಿ ಬದುಕುಳಿಯುವ ಪಂದ್ಯ ಎಂಬುದೂ ಒಂದಿದೆ. ಅಲ್ಲಿ ಗುರಿ ಇಲ್ಲ, ಮುಗಿಯುವ ಬಾಗಿಲಿಲ್ಲ. ಎಷ್ಟು ಹೊತ್ತು ನಿಲ್ಲುತ್ತೀರಿ ಎಂಬುದಷ್ಟೇ ಲೆಕ್ಕ. ಇದರ ಬಗ್ಗೆ ಮೂರೂ ಊರುಗಳಲ್ಲಿ ಒಮ್ಮತವಿದೆ, ಇದೇ ಅತ್ಯುತ್ತಮ ಭಾಗ ಎಂದು. ಗಂಟೆಗೆ ಇಷ್ಟು ಎಂದು ದುಡ್ಡು ಕೊಟ್ಟು ಕೂತವನಿಗೆ ಕತೆ ಅರ್ಧಕ್ಕೆ ನಿಲ್ಲುವ ಚಿಂತೆ ಇಲ್ಲ, ಸಮಯ ಉಳಿದಷ್ಟು ಆಡಬಹುದು ಎಂಬುದು ಒಂದು ಕಾರಣ. ಹಿಂದೆ ನಿಂತ ಗುಂಪಿಗೆ ನೋಡಲು ಚೆನ್ನಾಗಿರುತ್ತದೆ ಎಂಬುದು ಇನ್ನೊಂದು. ಬ್ಯಾಡಗಿಯವರು ಇಲ್ಲಿಯೂ ಚೀಲದ ಲೆಕ್ಕವನ್ನೇ ಹೇಳಿದರು. ರಾಣೆಬೆನ್ನೂರಿನ ಹೆಣ್ಣುಮಗಳು ಮಾತ್ರ ಅದನ್ನು ಎರಡು ಸಲ ಆಡಿ ಬಿಟ್ಟರಂತೆ. ಹೇಗಿದ್ದರೂ ಸಾಯುವುದೇ ಆದರೆ ಯಾಕೆ ಹೋಗಬೇಕು ಎಂದರು.

ಈಗ ಆಟ ಮೊಬೈಲಿಗೂ ಬಂದಿದೆ. ಹಾವೇರಿಯ ರಿಪೇರಿ ಅಂಗಡಿಯವರು ತಮ್ಮ ಹತ್ತು ವರ್ಷದ ಮಗನಿಗೆ ಅದನ್ನು ಇಳಿಸಿಕೊಟ್ಟಿದ್ದರು. ಬೆರಳುಗಳೇ ಪರದೆಯನ್ನು ಅರ್ಧ ಮುಚ್ಚುತ್ತವೆ, ಹುಳ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ, ಕೀಲಿಮಣೆ ಮೌಸುಗಳ ಸುಖ ಇದರಲ್ಲಿ ಇಲ್ಲ ಎಂಬುದು ಅವರದೇ ವಿಮರ್ಶೆ. ಮಗನ ವಿಮರ್ಶೆ ಇನ್ನೂ ಚಿಕ್ಕದು. ಎರಡು ಹಂತ ಆಡಿ, ಇದರಲ್ಲಿ ಮಾತಾಡಲು ಯಾರೂ ಇಲ್ಲವಲ್ಲ ಅಬ್ಬಾ ಎಂದು ಮೊಬೈಲು ಕೊಟ್ಟು, ಓಣಿಯ ಮೂವರು ಗೆಳೆಯರು ಕಾಯುತ್ತಿದ್ದ ಫ್ರೀ ಫೈರ್ ಮ್ಯಾಕ್ಸಿಗೆ ಅಮ್ಮನ ಫೋನು ಹಿಡಿದು ಹೋದ. ಆ ಮೂವರ ಹೆಸರು ಕೇಳಿದೆವು. ಒಬ್ಬ ಇವರವನು, ಇಬ್ಬರು ಅವರವರು, ನಾಲ್ವರದೂ ಒಂದೇ ತಂಡ. "ಈಗೇನೋ ನಾಲ್ಕೂ ಮಂದಿ ಒಂದೇ ಕಡಿ ಅದಾರ" ಎಂದು ಅವರು ಮಗ ಬಿಟ್ಟು ಹೋದ ಆಟವನ್ನು ಮೂರನೇ ಹಂತದಿಂದ ತಾವೇ ಮುಂದುವರಿಸಿದರು.